ಎರಡು ಹಸಿರು ಚುಕ್ಕೆ, ಒಂದು ಒಲೆ

ನಮ್ಮ ಮರಳವಾಡಿಯ ಮೇಷ್ಟರೊಬ್ಬರ ಮಗಳಿಗೆ ಮೊನ್ನೆ ಒಂದು ವಿದೇಶಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕೆಲಸದ ಹೆಸರು ಸಸ್ಟೈನಬಿಲಿಟಿ ಆಫೀಸರ್. ಭೂಮಿ ಹಾಳಾಗದ ಹಾಗೆ ಕಾರ್ಖಾನೆ ನಡೆಯುತ್ತಿದೆಯೋ ಇಲ್ಲವೋ ನೋಡಿಕೊಳ್ಳುವುದಂತೆ. ಮೈಸೂರುಪಾಕಿನ ಡಬ್ಬ ಹಿಡಿದು ಮನೆಗೆ ಬಂದು, "ಅಂಕಲ್, ನೀವು ಅಂಥದ್ದೇ ಕಂಪನೀಲಿ ಇದ್ರಲ್ಲ, ಈ ಕೆಲಸದಲ್ಲಿ ಏನೇನು ಮಾಡಬೇಕಾಗುತ್ತೆ?" ಎಂದು ಕೇಳಿದಳು. ಸಿಹಿ ತಿನ್ನುತ್ತಾ ಕಹಿ ಮಾತಾಡುವುದು ಸರಿಯಲ್ಲ ಅನ್ನಿಸಿ "ಒಳ್ಳೇದಾಗಲಿ ಕಣಮ್ಮ" ಎಂದಷ್ಟೇ ಹೇಳಿ ಕಳಿಸಿದೆ. ಅವಳಿಗೆ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಂಥವರು ಈಗ ಬಹಳ ಮಂದಿ ಆ ಕೆಲಸಕ್ಕೆ ಹೋಗುತ್ತಿದ್ದಾರೆ, ಓದಿಕೊಳ್ಳಲಿ.

ನಾನು ಬಾಯ್ಲರಿನವನು. ಬೆಂಕಿ ಹಾಕಿ ನೀರು ಕಾಯಿಸಿ ಆವಿ ಮಾಡಿ ಕೊಡುವುದು ನನ್ನ ಕಸುಬು. ಮೊದಲು ರಾಮನಗರದ ಒಂದು ರೇಷ್ಮೆ ಫಿಲೇಚರಿನಲ್ಲಿ, ಅಂದರೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಸೌದೆ ಹಾಕಿಕೊಂಡಿದ್ದೆ. ಆಮೇಲೆ ಪರೀಕ್ಷೆ ಕಟ್ಟಿ, ಬಾಯ್ಲರ್ ಸರ್ಟಿಫಿಕೇಟು ತೆಗೆದುಕೊಂಡು ಹಾರೋಹಳ್ಳಿಯ ರಬ್ಬರ್ ಪೈಪಿನ ಕಾರ್ಖಾನೆಗೆ ಸೇರಿದೆ. ಕಾರಿನ ಇಂಜಿನ್ನಿಗೆ ಹಾಕುವ ಪೈಪುಗಳು. ಹಸಿ ರಬ್ಬರನ್ನು ಅಚ್ಚಿಗೆ ತೊಡಿಸಿ, ದೊಡ್ಡ ಉಕ್ಕಿನ ಡ್ರಮ್ಮಿನೊಳಗೆ ಕೂರಿಸಿ, ಬಾಗಿಲು ಬಿಗಿದು ಆವಿ ಬಿಟ್ಟರೆ ಬೆಂದು ಗಟ್ಟಿಯಾಗುತ್ತದೆ. ಇಡ್ಲಿ ಬೇಯಿಸುವ ಕೆಲಸವೇ, ಆದರೆ ಈ ಇಡ್ಲಿಯ ವಾಸನೆ ಸೋಪು ಹಚ್ಚಿ ಉಜ್ಜಿದರೂ ಮೈಯಿಂದ ಹೋಗುವುದಿಲ್ಲ.

ಕಂಪನಿಯ ಹೆಡ್ಡಾಫೀಸು ಯೂರೋಪಿನ ಒಂದು ಚಳಿ ದೇಶದಲ್ಲಿ. ಕಾರ್ಖಾನೆಗಳು ಪೋಲೆಂಡಿನಲ್ಲಿ, ಮೆಕ್ಸಿಕೋದಲ್ಲಿ, ವಿಯೆಟ್ನಾಮಿನಲ್ಲಿ, ಮತ್ತೆ ನಮ್ಮ ಹಾರೋಹಳ್ಳಿಯಲ್ಲಿ. ನಾನು ಸೇರಿದ ಕಾಲಕ್ಕೆ ಹೆಡ್ಡಾಫೀಸಿನವರು ಕೇಳುತ್ತಿದ್ದದ್ದು ಎಷ್ಟು ಪೈಪು ಮಾಡಿದಿರಿ ಅಂತ ಮಾತ್ರ. ಬರಬರುತ್ತಾ ಅವರಿಗೆ ಭೂಮಿತಾಯಿಯ ಮೇಲೆ ಅಕ್ಕರೆ ಹುಟ್ಟಿತು. ಇಂಧನಕ್ಕೊಂದು ಗುರಿ, ನೀರಿಗೊಂದು ಗುರಿ, ಕಸಕ್ಕೊಂದು ಗುರಿ ಎಂದು ಗೊತ್ತುಮಾಡಿ ಎಲ್ಲ ದೇಶಗಳಿಗೂ ಒಂದೇ ಅಳತೆಯ ಅಂಗಿ ಹೊಲಿಸಿ ಕಳಿಸಿದರು. ಕ್ಯಾಂಟೀನಿನ ಪಕ್ಕದ ಗೋಡೆಗೆ ಒಂದು ಬೋರ್ಡು ಬಂತು. ಗುರಿ ತಲುಪಿದರೆ ಹಸಿರು ಚುಕ್ಕೆ, ತಡವರಿಸಿದರೆ ಹಳದಿ, ತಪ್ಪಿದರೆ ಕೆಂಪು. ನಮ್ಮ ಪ್ಲಾಂಟ್ ಹೆಡ್ ನಟರಾಜನ್ ಸಾಹೇಬರು ಮನುಷ್ಯ ಕೆಟ್ಟವರಲ್ಲ, ಕಾರ್ಮಿಕರ ಮನೆಯ ಮದುವೆಗೆ ಬಂದು ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಆದರೆ ಆ ಬೋರ್ಡಿನ ಮುಂದೆ ನಿಂತರೆ ಅವರ ಬುದ್ಧಿ ಮಂಕಾಗುತ್ತಿತ್ತು.

ಮೊದಲ ವರ್ಷದ ಒಂದು ಪ್ರಸಂಗ ಹೇಳುತ್ತೇನೆ. ಕಟ್ಟಡದೊಳಗಿನ ಶಾಖ ಹೊರಗೆ ಸೋರದ ಹಾಗೆ ಕಿಟಕಿ, ಷಟರುಗಳ ಸಂದಿಗೆಲ್ಲ ಪಟ್ಟಿ ಹಾಕಿ ಮುಚ್ಚಬೇಕೆಂದು ಹೆಡ್ಡಾಫೀಸಿನ ಸುತ್ತೋಲೆ ಬಂತು. ಅವರ ದೇಶದಲ್ಲಿ ಹೊರಗೆ ಹಿಮ, ಅವರಿಗೆ ಅದು ಸರಿ. ನಮಗೆ ಏಪ್ರಿಲ್ ತಿಂಗಳು, ಒಳಗೆ ಆವಿಯ ಡ್ರಮ್ಮುಗಳು. "ಸಾರ್, ಇಲ್ಲಿ ಶಾಖ ಹೊರಗೆ ಹೋಗಲಿ ಅಂತ ತಾನೇ ಫ್ಯಾನು ಹಾಕಿರೋದು?" ಎಂದೆ. "ಆಡಿಟ್ ಪ್ರಶ್ನೆಪಟ್ಟಿಯಲ್ಲಿ ಹೌದು, ಇಲ್ಲ ಅಂತ ಎರಡೇ ಉತ್ತರ ಕೊಟ್ಟಿದ್ದಾರೆ ಶಿವಲಿಂಗಯ್ಯ. ಇಲ್ಲ ಅಂದ್ರೆ ಕೆಂಪು" ಎಂದರು ನಟರಾಜನ್ ಸಾಹೇಬರು. ಆಡಿಟಿನವರು ಬಂದ ದಿನ ಎಲ್ಲ ಮುಚ್ಚಿಸಿದರು. ಡ್ರಮ್ಮಿನ ಬಳಿ ಇದ್ದ ಇಬ್ಬರು ತಲೆ ತಿರುಗಿ ಕೂತರು, ಅವರಿಗೆ ಮಜ್ಜಿಗೆ ಕುಡಿಸಿದೆವು. ಆಡಿಟಿನವರು ಎ.ಸಿ. ಕೋಣೆಯಲ್ಲಿ ಕೂತು ಹಸಿರು ಚುಕ್ಕೆ ಕೊಟ್ಟು ಹೋದರು.

ಇನ್ನೊಂದು ಪ್ರಸಂಗ ಸೈಕಲ್ ದಿನದ್ದು. ಎಲ್ಲ ದೇಶದ ಕಾರ್ಖಾನೆಯವರೂ ಒಂದು ದಿನ ಸೈಕಲ್ ತುಳಿದು ಕೆಲಸಕ್ಕೆ ಬರಬೇಕೆಂದು ಆಜ್ಞೆ. ನಮ್ಮ ಸಾಹೇಬರುಗಳೆಲ್ಲ ಬೆಂಗಳೂರಿನಿಂದ ಬರುವವರು. ಹಾರೋಹಳ್ಳಿ ಸರ್ಕಲ್ಲಿನವರೆಗೆ ಕಾರಿನಲ್ಲಿ ಬಂದರು. ಅಲ್ಲಿಗೆ ಒಂದು ಟೆಂಪೋದಲ್ಲಿ ಬಾಡಿಗೆ ಸೈಕಲ್ಲುಗಳು ಬಂದಿದ್ದವು. ಸರ್ಕಲ್ಲಿನಿಂದ ಗೇಟಿನವರೆಗೆ ತುಳಿದರು, ಫೋಟೋ ಹೊಡೆಸಿಕೊಂಡರು, ಸಂಜೆ ಟೆಂಪೋ ಸೈಕಲ್ಲುಗಳನ್ನು ಹೊತ್ತು ಹೋಯಿತು. ಖಾಲಿ ಕಾರುಗಳು ಅವರ ಹಿಂದೆಯೇ ನಿಧಾನವಾಗಿ ಬಂದದ್ದು ಫೋಟೋದಲ್ಲಿ ಬೀಳಲಿಲ್ಲ. ನಮ್ಮ ಬಾಯ್ಲರ್ ಮನೆಯ ಕೆಂಪಣ್ಣ ಮಳೆಯಿರಲಿ ಬಿಸಿಲಿರಲಿ ದಿನಾ ಸೈಕಲ್ಲಿನಲ್ಲೇ ಬರುತ್ತಿದ್ದ. ಅವನು ಗುತ್ತಿಗೆಯವನಾದ್ದರಿಂದ ಅವನ ಸೈಕಲ್ಲು ಲೆಕ್ಕಕ್ಕೆ ಬರಲಿಲ್ಲ. "ನಾನೂ ನಾಳೆಯಿಂದ ಟೆಂಪೋದಾಗೆ ಹಾಕಿಸ್ಕಂಡು ಬತ್ತೀನಿ ಬುಡಣ್ಣ, ಆಗ್ಲಾದ್ರೂ ಎಣುಸ್ತಾರೇನೋ" ಎಂದ. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅಂತ ನಮ್ಮವರು ಸುಮ್ಮನೆ ಹೇಳಲಿಲ್ಲ.

ಇವೆಲ್ಲ ನಕ್ಕು ಮರೆಯುವ ಮಾತು. ಮರೆಯಲಾಗದ್ದು ಬಾಯ್ಲರಿನ ಸಂಗತಿ.

ನಮ್ಮದು ಫರ್ನೆಸ್ ಎಣ್ಣೆ ಉರಿಸುವ ಬಾಯ್ಲರು. ಎಣ್ಣೆ ನಿಲ್ಲಿಸಿ, ಯಾರಿಗೂ ಬೇಡವಾದ ಬೆಳೆಕಸ ಉರಿಸಬೇಕು ಎಂಬುದು ಹೊಸ ಗುರಿ. ಪೋಲೆಂಡಿನವರು ಮರದ ಹೊಟ್ಟು ಉರಿಸಿ ಹಸಿರು ಪಡೆದಿದ್ದರು, ವಿಯೆಟ್ನಾಮಿನವರು ಭತ್ತದ ಹೊಟ್ಟು. ಅವರ ಅನುಭವ ಕೇಳಲಿ ಎಂದು ನನ್ನನ್ನೂ ಒಂದು ವಿಡಿಯೋ ಮೀಟಿಂಗಿಗೆ ಕೂರಿಸಿದರು. ವಿಯೆಟ್ನಾಮಿನ ಬಾಯ್ಲರಿನವನು ನನ್ನ ವಯಸ್ಸಿನವನೇ. ಕೈ ಬೀಸಿ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಏನೇನೋ ಹೇಳಿದ. ಅವನ ಪಕ್ಕದಲ್ಲಿದ್ದ ಟೈ ಕಟ್ಟಿದವನು ಅದನ್ನೆಲ್ಲ ಇಂಗ್ಲಿಷಿಗೆ ತಂದಾಗ ಬಂದದ್ದು ಒಂದೇ ಮಾತು: ಎಲ್ಲವೂ ಚೆನ್ನಾಗಿ ನಡೆಯುತ್ತಿದೆ. ಬಾಯ್ಲರಿನವನು ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ. ಭಾಷೆ ಬಾರದಿದ್ದರೂ ಅರ್ಥವಾಯಿತು.

ಹಾರೋಹಳ್ಳಿಯ ಸುತ್ತ ಬೇಡದ ಬೆಳೆಕಸ ಯಾವುದು? ಹೆಡ್ಡಾಫೀಸಿನವರು ಉಪಗ್ರಹದ ನಕ್ಷೆ ನೋಡಿ ಹಿಪ್ಪುನೇರಳೆ ಕಡ್ಡಿ ಎಂದು ತೀರ್ಮಾನಿಸಿದರು. ನಮ್ಮ ಕಡೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಷ್ಮೆ ಹುಳಕ್ಕೆ ಸೊಪ್ಪನ್ನು ಕೊಂಬೆ ಸಮೇತ ಹಾಕುತ್ತಾರೆ. ಹುಳ ಎಲೆ ತಿಂದು ಕಡ್ಡಿ ಬಿಡುತ್ತದೆ. ಬೆಳೆ ಮುಗಿಯುವಷ್ಟರಲ್ಲಿ ಹುಳದ ಮನೆಯ ಹಿಂದೆ ಕಡ್ಡಿಯ ರಾಶಿ. ಗೂಡು ಬಿಡಿಸಲು ಬಂದ ಹೆಂಗಸರು ಸಂಜೆ ಹೋಗುವಾಗ ಒಂದೊಂದು ಹೊರೆ ಕಡ್ಡಿ ಹೊತ್ತು ಹೋಗುವುದು ಪದ್ಧತಿ, ಅದನ್ನು ಕೇಳಬೇಕಾಗಿಯೂ ಇಲ್ಲ. ಉಳಿದದ್ದು ರಾಮನಗರಕ್ಕೆ ಹೋಗುತ್ತದೆ. ಅಲ್ಲಿ ಗೂಡನ್ನು ಬಿಸಿನೀರಿನ ಬೇಸಿನ್ನಿನಲ್ಲಿ ಬೇಯಿಸಿ ನೂಲು ಬಿಚ್ಚುವ ರೀಲರುಗಳಿದ್ದಾರಲ್ಲ, ಅವರ ಒಲೆಗೆ. ಸೊಪ್ಪು ಹುಳಕ್ಕೆ, ಕಡ್ಡಿ ಒಲೆಗೆ, ಬೂದಿ ತೋಟಕ್ಕೆ. ಇದಕ್ಕೆ ನಮ್ಮವರು ಒಂದು ಹೆಸರನ್ನೂ ಇಟ್ಟಿರಲಿಲ್ಲ, ಚುಕ್ಕೆಯನ್ನೂ ಅಂಟಿಸಿರಲಿಲ್ಲ. ಹೆಸರಿಲ್ಲದ್ದರಿಂದಲೇ ಅದು ಯಾರಿಗೂ ಬೇಡದ ಕಸ ಅನ್ನಿಸಿಕೊಂಡಿತು.

ನಾನು ನಟರಾಜನ್ ಸಾಹೇಬರಿಗೆ ಹೇಳಿದೆ, "ಸಾರ್, ಕಡ್ಡಿಗೆ ಆಗಲೇ ಜನ ಇದ್ದಾರೆ." ಅವರು, "ನಾವೇನು ಕಿತ್ಕೊಳ್ತಿದ್ದೀವಾ? ಹೆಚ್ಚು ದುಡ್ಡು ಕೊಟ್ಟು ತಗೋತೀವಿ. ರೈತರಿಗೂ ಒಳ್ಳೇದೇ ಅಲ್ವಾ?" ಎಂದರು. ರೈತರಿಗೆ ಒಳ್ಳೆಯದಾಯಿತು, ಸುಳ್ಳು ಹೇಳಬಾರದು. ಗುತ್ತಿಗೆದಾರನ ಲಾರಿ ಮಾಗಡಿ, ಕನಕಪುರ, ಚನ್ನಪಟ್ಟಣದ ಹಳ್ಳಿಗಳನ್ನೆಲ್ಲ ಸುತ್ತಿ ರಾಶಿ ರಾಶಿ ಬಳಿದು ತಂದಿತು. ಗೂಡು ಬಿಡಿಸುವ ಹೆಂಗಸರು ಸಂಜೆ ಬರಿಗೈಯಲ್ಲಿ ಮನೆಗೆ ಹೋದರು.

ಹೊಸ ಬಾಯ್ಲರು ಹೆಡ್ಡಾಫೀಸಿನ ನಕ್ಷೆಯಂತೆ ಬಂತು. ಅದರ ಬೆಂಕಿ ಜಾಲರಿ ಚಳಿ ದೇಶದ ಪೈನ್ ಮರದ ಚೂರಿಗೆ ಅಳೆದು ಮಾಡಿದ್ದು. ಹುಳಕ್ಕೆ ರೋಗ ತಾಗದಿರಲಿ ಎಂದು ನಮ್ಮವರು ಸೊಪ್ಪಿನ ಹಾಸಿನ ಮೇಲೆ ಸುಣ್ಣ, ಬ್ಲೀಚಿಂಗ್ ಪುಡಿ ಉದುರಿಸುತ್ತಾರೆ. ಅದೆಲ್ಲ ಕಡ್ಡಿಗೆ ಮೆತ್ತಿಕೊಂಡಿರುತ್ತದೆ. ಇದು ನನಗೂ ಹೊಳೆಯಲಿಲ್ಲ, ಫಿಲೇಚರಿನಲ್ಲಿ ನಾವು ಉರಿಸುತ್ತಿದ್ದದ್ದು ಬರೀ ಸೌದೆ. ಸುಣ್ಣ ಬೂದಿಯ ಜೊತೆ ಕರಗಿ ಜಾಲರಿಯ ಮೇಲೆ ಕಲ್ಲಿನಂಥ ಕಿಟ್ಟ ಕಟ್ಟಿತು, ಗಾಳಿ ಕಟ್ಟಿತು, ಬೆಂಕಿ ಉಸಿರಾಡಲಾರದೆ ಸತ್ತಿತು. ನಾನೂ ಕೆಂಪಣ್ಣನೂ ಹಾರೆ ಹಿಡಿದು ಕಿಟ್ಟ ಒಡೆದೆವು. ಹೆಡ್ಡಾಫೀಸಿನವರು, ಬಾಯ್ಲರು ಸರಿಯಾಗಿದೆ, ನಿಮ್ಮ ಮರ ಸರಿಯಿಲ್ಲ ಎಂದು ಬರೆದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಡ್ಡಿಯನ್ನು ಮಳೆಗೆ ಬಿಟ್ಟು, ಒಣಗಿಸಿ, ಬಡಿದು ಹಾಕತೊಡಗಿದ ಮೇಲೆ ಹೇಗೋ ಉರಿಯಿತು. ಬೋರ್ಡಿನ ಮೇಲೆ ಹಸಿರು ಚುಕ್ಕೆ ಬಂತು. ಕೇಕು ಕತ್ತರಿಸಿದರು.

ಅದರ ಹಿಂದೆಯೇ ಎರಡನೆಯ ಗುರಿ. ಕಾರ್ಖಾನೆಯ ಕಸ ಒಂದು ಚೂರೂ ಗುಂಡಿಗೆ ಹೋಗಬಾರದು. ನಮ್ಮ ಕಸವೆಂದರೆ ಕೆಟ್ಟ ಪೈಪು, ಕತ್ತರಿಸಿದ ತುದಿ. ಪ್ರತಿ ತುಂಡಿನ ಮೇಲೂ ಬಿಳಿ ಅಕ್ಷರದಲ್ಲಿ ಕಂಪನಿಯ ಹೆಸರು. ರಾಮನಗರದ ಗುಜರಿ ವ್ಯಾಪಾರಿ ಚಂದ್ರ ಅದನ್ನೆಲ್ಲ ಕೊಂಡುಹೋಗಿ, ಮರುಬಳಕೆಗೆ ಕಳಿಸಿದ್ದೇನೆ ಎಂದು ಸರ್ಟಿಫಿಕೇಟು ಕೊಟ್ಟ. ಇನ್ನೊಂದು ಹಸಿರು ಚುಕ್ಕೆ. ಎಲ್ಲಿ ಬಳಸಿದೆಯಪ್ಪ ಎಂದು ಅವನನ್ನು ಯಾರೂ ಕೇಳಲಿಲ್ಲ.

ನನ್ನ ತಂಗಿ ಗೌರಮ್ಮನನ್ನು ಕೊಟ್ಟಿರುವುದು ರಾಮನಗರಕ್ಕೆ. ಅವಳೂ ಅವಳ ಗಂಡನೂ ಮನೆಯ ಹಿಂದೆ ಸಣ್ಣದೊಂದು ರೀಲಿಂಗ್ ಘಟಕ ಇಟ್ಟುಕೊಂಡಿದ್ದಾರೆ. ಭಾವ ಮಾರ್ಕೆಟ್ಟಿಗೆ ಹೋಗಿ ಗೂಡು ಹಿಡಿದು ತರುತ್ತಾರೆ, ಇವಳು ಬೇಸಿನ್ನಿನ ಮುಂದೆ ಕೂತು ನೂಲು ಬಿಚ್ಚುತ್ತಾಳೆ. ಒಂದು ಭಾನುವಾರ ನೋಡಿಕೊಂಡು ಬರೋಣವೆಂದು ಹೋದೆ. ಬೀದಿಯ ತಿರುವಿನಲ್ಲೇ ಕಾರ್ಖಾನೆಯ ವಾಸನೆ ಬಂತು. ನನ್ನ ಅಂಗಿಯದೇ ಇರಬೇಕೆಂದು ತೋಳು ಮೂಸಿಕೊಂಡೆ. ಒಳಗೆ ಹೋದರೆ ಹೊಗೆ. ಗೌರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಒಲೆಯೊಳಗೆ ನಮ್ಮ ಪೈಪು ಉರಿಯುತ್ತಿತ್ತು. ಬಿಳಿ ಅಕ್ಷರಗಳು ಇನ್ನೂ ಪೂರ್ತಿ ಸುಟ್ಟಿರಲಿಲ್ಲ.

"ಇದೆಲ್ಲಿತ್ತೇ ಗೌರಿ?"

"ಗುಜರಿ ಚಂದ್ರ ಕೊಡ್ತಾನೆ ಕಣಣ್ಣ. ಈ ಬೀದಿನಾಗೆ ಎಲ್ರೂ ಇದನ್ನೇ ಹಾಕದು."

"ಕಡ್ಡಿ ಹಾಕ್ತಿದ್ದೆಯಲ್ಲ?"

"ಕಡ್ಡಿ ಎಲ್ಲೈತೆ? ಅದ್ಯಾವ್ದೋ ಫ್ಯಾಕ್ಟ್ರಿಯೋರು ಎಲ್ಲಾನೂ ಬಳ್ಕಂಡು ಹೋಯ್ತಾವ್ರೆ. ಅವ್ರ ಮನೆ ಹಾಳಾಗ. ಸೌದೆ ಕೊಂಡು ಹಾಕಿದ್ರೆ ನೂಲು ಮಾರಿದ್ದೆಲ್ಲ ಅದ್ಕೇ ಆಯ್ತದೆ."

ಆ ಫ್ಯಾಕ್ಟರಿ ಯಾವುದೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಮ್ಮ ಒಂದು ಹಸಿರು ಚುಕ್ಕೆ ಅವಳ ಒಲೆಯಿಂದ ಕಡ್ಡಿ ಕಿತ್ತುಕೊಂಡಿತ್ತು, ಇನ್ನೊಂದು ಹಸಿರು ಚುಕ್ಕೆ ಅದೇ ಒಲೆಗೆ ರಬ್ಬರು ತುಂಬಿತ್ತು. ಡಾಕ್ಟರು ಹೊಗೆಯ ಹತ್ತಿರ ಸುಳಿಯಬೇಡ ಎಂದಿದ್ದಾರಂತೆ. ಒಲೆ ಬಿಟ್ಟರೆ ಮನೆ ನಡೆಯುವುದಿಲ್ಲ, ಒಲೆ ಮುಂದೆ ಕೂತರೆ ಎದೆ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಹಿಪ್ಪುನೇರಳೆ ತೋಟವಿಲ್ಲ, ಇರುವುದು ರಾಗಿ ಹೊಲ. ಒಂದೆರಡು ಸಲ ನಾನೇ ಟೆಂಪೋದಲ್ಲಿ ಸೌದೆ ಕಳಿಸಿದೆ. ದಿನಾ ಉರಿಯುವ ಒಲೆಗೆ ಅದು ಎಷ್ಟು ದಿನ ಬಂದೀತು?

ಸೋಮವಾರ, ಗೌರಿಯ ಮನೆಯಿಂದ ತಂದಿದ್ದ ಒಂದು ತುಂಡು ಪೈಪನ್ನು ನಟರಾಜನ್ ಸಾಹೇಬರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಅದನ್ನು ತಿರುಗಿಸಿ ನೋಡಿದರು.

"ಚಂದ್ರ ಸರ್ಟಿಫಿಕೇಟ್ ಕೊಟ್ಟಿದ್ದಾನಲ್ಲ?"

"ಕೊಟ್ಟವನೆ ಸಾರ್. ನನ್ ತಂಗಿ ಒಲೆನೂ ಒಂದು ಸರ್ಟಿಫಿಕೇಟೇ. ಬಂದು ನೋಡಿ."

"ಗೇಟು ದಾಟಿದ ಮೇಲೆ ಅದು ನಮ್ಮ ಲೆಕ್ಕಕ್ಕೆ ಬರೋದಿಲ್ಲ ಶಿವಲಿಂಗಯ್ಯ."

"ಹಂಗಾದ್ರೆ ಗೇಟೊಳಗೆ ಬರೋ ಕಡ್ಡಿನಾದ್ರೂ ಒಸಿ ಕಮ್ಮಿ ಮಾಡಿ ಸಾರ್. ರೀಲರ್‌ಗಳಿಗೆ ಉಳೀತದೆ."

"ಕಡ್ಡಿ ಕಮ್ಮಿಯಾದ್ರೆ ಎಣ್ಣೆ ಉರಿಸಬೇಕು. ಹಸಿರು ಹೋಗಿ ಹಳದಿ ಆಗುತ್ತೆ. ಮೆಕ್ಸಿಕೋದವರೂ ಹಸಿರಲ್ಲಿದ್ದಾರೆ ಗೊತ್ತಾ?"

ಮೆಕ್ಸಿಕೋದಲ್ಲಿ ಯಾರ ಒಲೆ ಕೆಡಿಸಿ ಹಸಿರಾಗಿದ್ದಾರೋ ಕೇಳಿ ಸಾರ್ ಎಂದು ಹೇಳಿ ಎದ್ದು ಬಂದೆ.

ಕೆಲವು ತಿಂಗಳಿಗೆ ಹೆಡ್ಡಾಫೀಸಿನಿಂದ ಈ ಗುರಿಗಳ ಯಜಮಾನಿಯೇ ಬಂದರು. ಕಾರಿನ್ ಮೇಡಂ ಅಂತ. ಬಾಯ್ಲರ್ ಮನೆಗೂ ಬಂದು, ಇದರಿಂದ ಸುತ್ತಲ ಜನಕ್ಕೆ ಪ್ರಯೋಜನವಾಗಿದೆಯೇ ಎಂದು ನನ್ನನ್ನೇ ಕೇಳಿದರು. ನನ್ನ ಹರಕು ಇಂಗ್ಲಿಷಿನಲ್ಲಿ, ನನ್ನ ತಂಗಿ ರಾಮನಗರದಲ್ಲಿ ರೇಷ್ಮೆ ತೆಗೆಯುತ್ತಾಳೆ, ಬಂದು ನೋಡಿ ಎಂದೆ. ರೇಷ್ಮೆ ಎಂದದ್ದೇ ತಡ, ಆಕೆಯ ಕಣ್ಣು ಅರಳಿತು. ನಟರಾಜನ್ ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ರಾಮನಗರಕ್ಕೆ ಹೋಗುವುದು ನಿಗದಿಯಾಗಿಹೋಯಿತು.

ಗೌರಿ ಕಾಫಿ ಕೊಟ್ಟಳು. ಮೇಡಂ ನೂಲಿನ ಲಡಿಯನ್ನು ಕೆನ್ನೆಗೆ ಒತ್ತಿಕೊಂಡು ಸಂತೋಷಪಟ್ಟರು. ಆಮೇಲೆ ಹೊಗೆ ಅವರ ಗಂಟಲಿಗೂ ಹೋಯಿತು. ಕೆಮ್ಮುತ್ತಾ ಒಲೆಯ ಕಡೆ ಬಗ್ಗಿದರು. ಪಕ್ಕದ ರಾಶಿಯಿಂದ ಒಂದು ತುಂಡು ಎತ್ತಿಕೊಂಡು ತಮ್ಮ ಕಂಪನಿಯ ಹೆಸರನ್ನು ತಾವೇ ಓದಿಕೊಂಡರು. ಆಕೆ ಅಲ್ಲೇ ಮಣೆಯ ಮೇಲೆ ಕೂತು ಎಲ್ಲ ಕೇಳಿದರು. ಕಡ್ಡಿಯ ವಿಷಯ, ಚಂದ್ರನ ವಿಷಯ, ಎದೆಯ ವಿಷಯ, ಒಂದನ್ನೂ ಬಿಡದೆ ಹೇಳಿದೆ. ಗೌರಿಯ ಕೈ ಹಿಡಿದು, ಇದನ್ನು ನಾನು ಸರಿಮಾಡುತ್ತೇನೆ, ಮಾತು ಕೊಡುತ್ತೇನೆ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ.

"ದೊಡ್ಡೋರು, ಮಾಡ್ತಾರೆ ಬುಡು" ಎಂದಳು ಗೌರಿ. ನಾನೂ ನಂಬಿದೆ. ಇಷ್ಟು ವರ್ಷ ನಾನು ಆಡಿಕೊಂಡ ಹೆಡ್ಡಾಫೀಸಿನವರಲ್ಲಿ ಒಬ್ಬರಾದರೂ ಮನುಷ್ಯರು ಸಿಕ್ಕರಲ್ಲ ಎಂದು ಆ ವಾರವೆಲ್ಲ ಹಗುರಾಗಿ ಓಡಾಡಿಕೊಂಡಿದ್ದೆ.

ಮೇಡಂ ಮಾತು ಕಾರ್ಯರೂಪಕ್ಕೆ ಬಂತು. ಬಾಯ್ಲರ್ ಮನೆಯ ಪಕ್ಕದಲ್ಲಿ ಒಂದು ದೊಡ್ಡ ಯಂತ್ರ ಇಳಿಯಿತು. ರಬ್ಬರನ್ನು ಪುಡಿ ಮಾಡುವ ಯಂತ್ರ. ಇನ್ನು ಮೇಲೆ ಕಸದ ಪೈಪು ಗೇಟು ದಾಟುವ ಮೊದಲು ಹೆಸರಿನ ಒಂದಕ್ಷರವೂ ಓದಲು ಬಾರದಷ್ಟು ಸಣ್ಣಗೆ ಚೂರಾಗಬೇಕೆಂದು ಆಜ್ಞೆ. ಲಾರಿ ಎಂದಿನಂತೆ ಕಡ್ಡಿ ತರುತ್ತಲೇ ಇತ್ತು. ಚಂದ್ರ ಎಂದಿನಂತೆ ಬರುತ್ತಲೇ ಇದ್ದ. ಬೋರ್ಡಿನ ಮೇಲೆ, ರಾಮನಗರದ ಸಮಸ್ಯೆ ಬಗೆಹರಿದಿದೆ ಎಂದು ಬರೆದು ಮುಂದೆ ಹಸಿರು ಚುಕ್ಕೆ ಅಂಟಿಸಿದರು.

ನಟರಾಜನ್ ಸಾಹೇಬರ ಕೋಣೆಗೆ ನುಗ್ಗಿ, "ಬಗೆಹರಿದದ್ದು ಯಾರ ಸಮಸ್ಯೆ ಸಾರ್?" ಎಂದು ಕೂಗಾಡಿದೆ. ಅವರು ಬಾಗಿಲು ಮುಚ್ಚಿ ಬಂದು ಕೂತರು.

"ಮೇಡಂ ಹೆಡ್ಡಾಫೀಸಲ್ಲಿ ಎಲ್ಲಾನೂ ಹೇಳಿದ್ರಂತೆ ಶಿವಲಿಂಗಯ್ಯ. ಕಡ್ಡಿ ಬಿಡೋಣ ಅಂದ್ರೆ ಬಾಯ್ಲರಿನ ಹಸಿರು ಹೋಗುತ್ತೆ. ಚಂದ್ರನ್ನ ಬಿಡೋಣ ಅಂದ್ರೆ ಕಸದ ಹಸಿರು ಹೋಗುತ್ತೆ. ಪೈಪಿನ ಮೇಲಿನ ಹೆಸರಿನ ವಿಷಯ ಒಂದೇ ಅಲ್ಲಿಯ ಲಾಯರುಗಳಿಗೆ ಅರ್ಥ ಆಗಿದ್ದು."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ಇವರು ತಮ್ಮ ಕಣ್ಣು ಮುಚ್ಚಿಕೊಳ್ಳುವುದಕ್ಕೂ ಯಂತ್ರ ತರಿಸಿದರು. ಆ ಯಂತ್ರ ಅರೆಯುವ ಸದ್ದು ಕೇಳುತ್ತಲೇ ನಾನು ಉಳಿದ ದಿನಗಳನ್ನು ಕಳೆದು ನಿವೃತ್ತನಾದೆ. ಶಾಲು ಹೊದಿಸಿ ಕಳಿಸಿದರು.

ಅದಾದ ಮೇಲೆ ತಂಗಿಯ ಮನೆಗೆ ಹೋದೆ. ಮೇಡಂ ಕಡೆಯಿಂದ ಇನ್ನೇನೂ ಬರುವುದಿಲ್ಲ, ಕಾಯಬೇಡ ಎಂದು ಎದುರಿಗೇ ಹೇಳಬೇಕಿತ್ತು. ಗೌರಿ ಒಲೆಯ ಮುಂದೆ ಇದ್ದಳು. ಬಡಕಲಾಗಿದ್ದಳು. ಪಕ್ಕದಲ್ಲಿ ಒಂದು ಗೋಣಿಚೀಲ, ಅದರ ತುಂಬಾ ಮೆಣಸಿನ ಕಾಳಿನಷ್ಟು ಸಣ್ಣ ಕರಿ ಚೂರು.

"ಬಾಣ್ಣ. ನಿಮ್ ಮೇಡಮ್ಮು ಮಾತಿಗೆ ತಪ್ಪಲಿಲ್ಲ ನೋಡು" ಎಂದಳು. "ಎಷ್ಟು ಸಣ್ಣಗೆ ಮಾಡಿ ಕಳುಸ್ತಾವ್ರೆ. ಮೊದ್ಲು ಮಚ್ನಾಗೆ ಕಡ್ದೂ ಕಡ್ದೂ ಕೈ ಬಿದ್ದೋಗದು. ಈಗ ಒಂದು ಬೊಗಸೆ ಹಾಕಿದ್ರೆ ಬುಗ್ ಅಂತ ಹತ್ಕತ್ತದೆ. ಆಯಮ್ಮಂಗೆ ನನ್ ಹೆಸ್ರು ಹೇಳಿ, ಉಪಕಾರ ಆಯ್ತು ಅಂತ ತಿಳುಸ್ಬುಡು."

ಅಷ್ಟು ಮಾತಾಡುವಷ್ಟರಲ್ಲಿ ಕೆಮ್ಮು ಬಂತು. ಗೋಡೆ ಹಿಡಿದುಕೊಂಡು ಕೆಮ್ಮಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಚೀಲವನ್ನು ಹೆಗಲಿಗೆ ಎಸೆದುಕೊಂಡು ಬಾಗಿಲ ಕಡೆ ನಡೆದೆ.

"ಏ ಅಣ್ಣ, ಅದ್ಯಾಕೆ ತಗಂಡೋಯ್ತಿದ್ದೀಯ?"

"ಚರಂಡಿಗೆ ಸುರೀತೀನಿ. ಇದು ವಿಷ ಕಣವ್ವ."

"ನಂಗೊತ್ತಿಲ್ವಾ? ಕೆಮ್ಮೋಳು ನಾನು ತಾನೆ." ಅವಳು ಬೇಸಿನ್ನಿನ ಕಡೆ ಕೈ ತೋರಿಸಿದಳು. "ಗೂಡು ಹಾಕ್ಬುಟ್ಟಿವ್ನಿ. ನೀರು ತಣ್ಣಗಾದ್ರೆ ಎಳೆ ಬರಾಕಿಲ್ಲ, ಅಷ್ಟೂ ಹಾಳಾಯ್ತದೆ. ಒಲೆಗೆ ಏನು ಹಾಕ್ಲಿ, ನೀನೇ ಹೇಳು."

ಬದುಕೆಲ್ಲ ಬೆಂಕಿ ಕಾದವನು ನಾನು. ಚೀಲ ಹೊತ್ತು ಬಾಗಿಲಲ್ಲೇ ನಿಂತೆ. ಒಲೆಯ ಉರಿ ಇಳಿಯುತ್ತಿತ್ತು, ಬೇಸಿನ್ನಿನಿಂದ ಏಳುತ್ತಿದ್ದ ಆವಿ ತೆಳುವಾಗುತ್ತಿತ್ತು. ಗೌರಿ ನನ್ನ ಮುಖವನ್ನೇ ನೋಡುತ್ತಿದ್ದಳು. ತಿರುಗಿ ಬಂದು ಅವಳ ಪಕ್ಕದಲ್ಲಿ ಕೂತೆ. ಚೀಲದ ಬಾಯಿ ಬಿಚ್ಚಿ, ಒಂದು ಬೊಗಸೆ ತೆಗೆದು ಒಲೆಗೆ ಹಾಕಿದೆ.